ಅಕ್ಕಸಾಲಿಗರ ಭೂತಗನ್ನಡಿ ಹಿಡಿದು ಆಗುಂಬೆಯಲ್ಲಿ

ಕೀಟ ತಿನ್ನುವ ಗಿಡ ಹುಡುಕಲು ಮಲೆನಾಡಿಗೆ ಹೊರಡುವವರು ಮೊದಲು ಕೊಳ್ಳಬೇಕಾದ ಸಾಮಾನು ಒಂದೇ: 10 ಪಟ್ಟು ದೊಡ್ಡದಾಗಿ ತೋರಿಸುವ, ಮಡಚಿ ಜೇಬಿಗೆ ಹಾಕಿಕೊಳ್ಳುವ ಭೂತಗನ್ನಡಿ. ನನ್ನದನ್ನು ಕೊಂಡದ್ದು ಬಳ್ಳಾರಿಯಲ್ಲೇ, ಅಕ್ಕಸಾಲಿಗರಿಗೆ ತಕ್ಕಡಿ, ಇಕ್ಕಳ, ಅರ ಮಾರುವ ಒಂದು ಸಣ್ಣ ಅಂಗಡಿಯಲ್ಲಿ.

"ಹರಳು ನೋಡಾಕ ಏನ್ರಿ ಮೇಡಂ?" ಅಂದರು ಅಂಗಡಿಯ ಹಿರಿಯರು.

"ಇಲ್ರಿ ಯಜಮಾನ್ರ, ಹುಳ ಹಿಡಿಯೋ ಗಿಡ ನೋಡಾಕ."

ಅವರು ಮೂರು ಲೆನ್ಸ್ ತೆಗೆದು ಸಾಲಾಗಿ ಇಟ್ಟರು. ಕೈಗೊಂದು ನೂರರ ನೋಟು ಕೊಟ್ಟು, "ಇದರಾಗಿನ ಸಣ್ಣ ಅಕ್ಷರ ಓದ್ರಿ. ಯಾವುದರಾಗ ಅಂಚಿನ ತನಕ ಸೊಟ್ಟ ಕಾಣಂಗಿಲ್ಲ, ಅದನ್ನ ತಗೋರಿ" ಅಂದರು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. 650 ರೂಪಾಯಿ ಕೊಟ್ಟು ಆರಿಸಿಕೊಂಡದ್ದರಲ್ಲಿ ಮೂರು ಗಾಜು ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಮೂಡುವುದಿಲ್ಲ.

ಆನ್‌ಲೈನಿನಲ್ಲಿ '30 ಪಟ್ಟು' ಎಂದು ಬರೆದು ಮಾರುವ ಅಗ್ಗದ ಲೆನ್ಸುಗಳ ಗೋಜಿಗೆ ಹೋಗಬೇಡಿ. ನಿಜವಾಗಿಯೂ 30 ಪಟ್ಟಿನದಾದರೆ ಅದನ್ನು ಗಿಡದಿಂದ ಒಂದು ಸೆಂಟಿಮೀಟರಿಗಿಂತ ಹತ್ತಿರ ಹಿಡಿಯಬೇಕು. ನಮ್ಮ ತಲೆಯ ನೆರಳೇ ಬೆಳಕನ್ನು ನುಂಗುತ್ತದೆ. 10 ಪಟ್ಟಿನದಕ್ಕೆ ಎರಡೂವರೆ ಸೆಂಟಿಮೀಟರ್ ದೂರ ಸಿಗುತ್ತದೆ. ಲೆನ್ಸನ್ನು ಕಣ್ಣಿಗೆ ತಾಗಿಸಿ ಹಿಡಿದು, ಗಿಡದ ಕಡೆಗೆ ನಾವೇ ಬಾಗಬೇಕು. ಜೊತೆಗೆ ಬರುವ ಮಕ್ಕಳಿಗೆ ಇದನ್ನು ನಮ್ಮ ಕೋಟೆ ಗುಡ್ಡದ ಬಂಡೆಗೆ ಅಂಟಿಕೊಂಡ ಕಲ್ಲುಹೂವಿನ ಮೇಲೆ ರೂಢಿ ಮಾಡಿಸಿದೆ.

ಮಳೆ ಇಳಿಮುಖವಾಗುವ ಸೆಪ್ಟೆಂಬರಿನಲ್ಲಿ ಆಗುಂಬೆ ಕಡೆ ಹೋದೆವು. ಕೀಟಾಹಾರಿ ಗಿಡ ಎಂದರೆ ದಟ್ಟ ಕಾಡಿನ ಕತ್ತಲಲ್ಲಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮಕ್ಕಳಂತೂ ಪಠ್ಯಪುಸ್ತಕದ ಹೂಜಿ ಗಿಡವನ್ನೇ ಕೇಳುತ್ತಿದ್ದರು. ಭಾರತದಲ್ಲಿ ಕಾಡುಗಿಡವಾಗಿ ಬೆಳೆಯುವ ಹೂಜಿ ಗಿಡ ಒಂದೇ, ನೆಪೆಂತಿಸ್ ಖಾಸಿಯಾನ. ಅದರ ನೆಲೆ ಮೇಘಾಲಯ. ನಮ್ಮ ಪಶ್ಚಿಮ ಘಟ್ಟದಲ್ಲಿ ಸಿಗುವುದು ಡ್ರಾಸೆರಾ ಮತ್ತು ಯುಟ್ರಿಕ್ಯುಲೇರಿಯಾ. ಎರಡೂ ಪುಟ್ಟ ಗಿಡಗಳು, ಎರಡಕ್ಕೂ ಬಿಸಿಲು ಬೇಕು. ಮರಗಳು ಮುಗಿದು ಜಂಬಿಟ್ಟಿಗೆ ಕಲ್ಲಿನ ಮೇಲೆ ನೀರು ಜಿನುಗುವ ಬಯಲಿನಲ್ಲಿ ಹುಡುಕಬೇಕು. ಅಲ್ಲಿ ಮಣ್ಣು ತೆಳು, ಮಳೆ ಅದರ ಸಾರವನ್ನೆಲ್ಲ ತೊಳೆದಿರುತ್ತದೆ. ಬೇರಿಗೆ ಸಿಗದ ಸಾರಜನಕವನ್ನು ಈ ಗಿಡಗಳು ಹುಳದಿಂದ ಪಡೆಯುತ್ತವೆ.

ಮೊದಲು ಸಿಕ್ಕದ್ದು ಡ್ರಾಸೆರಾ ಬರ್ಮಾನಿ. ಇಡೀ ಗಿಡ ಹತ್ತು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಬರಿಗಣ್ಣಿಗೆ ಕೆಂಪು ಕಲೆ, ಅಷ್ಟೇ. ಮೊಣಕಾಲೂರಿ ಲೆನ್ಸ್ ಹಿಡಿದರೆ ಎಲೆಯ ತುಂಬ ಕೆಂಪು ಕಡ್ಡಿಗಳು, ಒಂದೊಂದರ ತುದಿಯಲ್ಲೂ ಎಳೆಪಾಕದಂಥ ಹನಿ. ಒಂದು ಎಲೆಯಲ್ಲಿ ಗುಂಗುರು ಸಿಕ್ಕಿಬಿದ್ದಿತ್ತು. ಒಂದು ರೆಕ್ಕೆ ಹನಿಗೆ ಅಂಟಿತ್ತು, ಇನ್ನೊಂದು ಇನ್ನೂ ಅದುರುತ್ತಿತ್ತು. ಎಲೆಯಂಚಿನ ಉದ್ದ ಕಡ್ಡಿಗಳು ಅದರ ಮೇಲೆ ಬಾಗಿದ್ದವು. ಎಲೆ ಒಸರುವ ಕಿಣ್ವಗಳು ಅದನ್ನು ನಿಧಾನಕ್ಕೆ ಕರಗಿಸುತ್ತವೆ. ನಮ್ಮ ಹುಡುಗಿಯೊಬ್ಬಳು ಲೆನ್ಸ್ ಕೊಡಲೊಲ್ಲೆ ಎಂದು ಹಟ ಹಿಡಿದು ಅಲ್ಲೇ ಕುಳಿತಳು. ನಾನೂ ಕಸಿದುಕೊಳ್ಳಲಿಲ್ಲ.

ಯುಟ್ರಿಕ್ಯುಲೇರಿಯಾದ ನೇರಳೆ ಹೂ ದೂರದಿಂದಲೇ ಕಾಣುತ್ತದೆ, ಬಲೆ ಮಾತ್ರ ಕೆಸರಿನೊಳಗೆ. ಹರಿವ ನೀರು ತಾನೇ ತೊಳೆದು ತೆರೆದಿಟ್ಟ ಎಳೆಯೊಂದರಲ್ಲಿ ಬಲೆಯ ಚೀಲಗಳು ಸಿಕ್ಕವು. ಮಿಲಿಮೀಟರ್ ಗಾತ್ರದ ಆ ಚೀಲ ತನ್ನೊಳಗಿನ ನೀರನ್ನು ಹೊರಹಾಕಿ ಬಿಗಿಯಾಗಿ ಕಾದಿರುತ್ತದೆ. ಬಾಯಿಯ ಬಳಿಯ ಕೂದಲನ್ನು ಜೀವಿ ತಾಗಿದೊಡನೆ, ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ನೀರಿನ ಜೊತೆ ಒಳಗೆ ಎಳೆದುಕೊಳ್ಳುತ್ತದೆ. ಆ ಓಟ ಯಾವ ಲೆನ್ಸಿಗೂ ಸಿಗದು. ಚೀಲದ ಪಾರದರ್ಶಕ ಗೋಡೆ, ಬಾಯಿಯ ಕೂದಲು ನನ್ನ ಲೆನ್ಸಿನಲ್ಲಿ ಚೆನ್ನಾಗಿ ಕಂಡವು. ನೋಡಲೆಂದು ಗಿಡ ಕಿತ್ತರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಇನ್ನು ದೋಷಗಳು. ಮಲೆನಾಡಿನ ತೇವಕ್ಕೆ ಗಾಜು ಮಬ್ಬಾಗುತ್ತದೆ. ಅಂಗಿಯ ಒಳಜೇಬಿನಲ್ಲಿ ಮೈಕಾವಿಗೆ ಇಟ್ಟುಕೊಂಡರೆ ಮಬ್ಬಾಗದು. ಮಡಚುವ ತಿರುಪು ಸಡಿಲವಾಯಿತು, ಕನ್ನಡಕದ ಅಂಗಡಿಯಲ್ಲಿ ಬಿಗಿ ಮಾಡಿಸಿದೆ. ಕೊರಳಿಗೆ ಹಾಕುವ ದಾರ ಕೊಡುವುದಿಲ್ಲ. ಕೆಂಪು ದಾರವನ್ನೇ ಕಟ್ಟಿಕೊಳ್ಳಿ, ಹುಲ್ಲಿನಲ್ಲಿ ಬಿದ್ದರೂ ಸಿಗುತ್ತದೆ. ಊರಿಗೆ ಬಂದ ಮೇಲೆ ಪೂರ್ತಿ ಒಣಗಿಸಿ ಇಡಿ, ಇಲ್ಲದಿದ್ದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಇಬ್ಬರಿಗೊಂದರಂತೆ ಕೊಳ್ಳಿ. ಮುಂದಿನ ಮಳೆಗಾಲಕ್ಕೆಂದು ಅದೇ ಅಂಗಡಿಯಲ್ಲಿ ಇನ್ನಷ್ಟಕ್ಕೆ ಹೇಳಿ ಬಂದಿದ್ದೇನೆ.