ಐದು ವರ್ಷ ಬಳಸಿದ ಮೇಲೆ: ಯಕ್ಷಗಾನದ ಸ್ಕೆಚ್ ಹಂಚಿಕೊಳ್ಳುವ ಆ್ಯಪ್, ಮತ್ತು ಅದು ಕೆಡಿಸುವ ಕೆಂಪು

ಈ ಆ್ಯಪ್‌ನಲ್ಲಿ ಏನೇನಿದೆ ಅಂತ ನೀವು ಬೇರೆ ಕಡೆ ಓದಿರುತ್ತೀರಿ. ಫಿಲ್ಟರ್ ಎಷ್ಟು, ಒಂದು ಪೋಸ್ಟಿಗೆ ಎಷ್ಟು ಚಿತ್ರ ಹಾಕಬಹುದು, ಅದೆಲ್ಲ ನಾನು ಬರೆಯುವುದಿಲ್ಲ. ಆ್ಯಪ್‌ನ ಹೆಸರನ್ನೂ ಬರೆಯುವುದಿಲ್ಲ. ಚಿತ್ರ ಹಾಕುವ ಎಷ್ಟೋ ಆ್ಯಪ್‌ಗಳಲ್ಲಿ ಇದೇ ಕತೆ, ಒಂದನ್ನು ಮಾತ್ರ ಬೈದರೆ ಸರಿಯಾಗುವುದಿಲ್ಲ. ನಾನು ಬರೆಯಬೇಕೆಂದಿರುವುದು ಕೆಂಪು ಬಣ್ಣದ ಬಗ್ಗೆ. ಐದು ವರ್ಷದಲ್ಲಿ ಈ ಆ್ಯಪ್ ನನ್ನ ಎಷ್ಟು ಕೆಂಪು ಹಾಳುಮಾಡಿದೆ ಅಂತ ಹೇಳದೆ ಇರಲಾರೆ.

ನಾನು ಕುಂದಾಪುರ ಕಡೆಯವನು, ಕೆಲಸ ಬೆಂಗಳೂರಿನಲ್ಲಿ. ಚಿತ್ರಕಲೆ ಕಲಿತಿಲ್ಲ. ಸಿನಿಮಾ ಹೀರೋಗಳ ಚಿತ್ರ ಬಿಡಿಸಿ ಹಾಕುವ ಅಭಿಮಾನಿಗಳು ಇರುತ್ತಾರಲ್ಲ, ನಾನು ಹಾಗೆ ಯಕ್ಷಗಾನದ ವೇಷಗಳ ಅಭಿಮಾನಿ. ಊರಿಗೆ ಹೋದಾಗ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ನೋಡುತ್ತೇನೆ, ಸ್ಕೆಚ್ ಮಾಡುತ್ತೇನೆ. ಮಳೆಗಾಲದಲ್ಲಿ ಕಲಾವಿದರು ಬೆಂಗಳೂರಿಗೆ ಬಂದಾಗ ರವೀಂದ್ರ ಕಲಾಕ್ಷೇತ್ರಕ್ಕೆ ಹೋಗುತ್ತೇನೆ. ಆದರೆ ಅಲ್ಲಿ ಪ್ರೇಕ್ಷಕರ ಕಡೆ ಕತ್ತಲೆ ಜಾಸ್ತಿ. ಹಾಳೆ ಕಾಣುವುದಿಲ್ಲ, ಕೈ ಅಂದಾಜಿನಲ್ಲೇ ಓಡಬೇಕು. ಊರಿನ ಹರಕೆ ಆಟದಲ್ಲಿ ರಂಗಸ್ಥಳದ ಪಕ್ಕದಲ್ಲೇ ಚಾಪೆ ಹಾಕಿ ಕೂತರೆ ಟ್ಯೂಬ್‌ಲೈಟಿನ ಬೆಳಕು ನಮ್ಮ ಹಾಳೆಯ ಮೇಲೂ ಬೀಳುತ್ತದೆ.

ಆಟದಲ್ಲಿ ಸ್ಕೆಚ್ ಮಾಡುವುದಕ್ಕೆ ಒಂದು ಲಯ ಇದೆ. ಭಾಗವತರು ಪದ್ಯ ಹೇಳುತ್ತಿರುವಾಗ ವೇಷ ಕುಣಿಯುತ್ತಿರುತ್ತದೆ. ಆಗ ಮುಖ ಬಿಡಿಸಲು ಹೋಗಬಾರದು. ಮೈ ಎತ್ತ ಬಾಗಿದೆ, ಕಾಲು ಎಲ್ಲಿದೆ ಅಂತ ನಾಲ್ಕು ಗೆರೆ ಎಳೆದುಕೊಂಡರೆ ಸಾಕು. ಪದ್ಯ ಮುಗಿದು ಅರ್ಥ, ಅಂದರೆ ಪಾತ್ರದ ಮಾತು, ಶುರುವಾದಾಗ ವೇಷಧಾರಿ ಒಂದು ಕಡೆ ನಿಂತು ಮಾತಾಡುತ್ತಾನೆ. ಆಗ ಮುಖ, ಕಿವಿ, ಎದೆಕಟ್ಟು, ಕೈಕಟ್ಟು ಎಲ್ಲ ಬರುತ್ತದೆ. ದೊಡ್ಡ ಅರ್ಥಧಾರಿ ಇದ್ದರೆ ಹಾಳೆ ತುಂಬುವಷ್ಟು ಸಮಯ ಸಿಗುತ್ತದೆ. ಯಕ್ಷಗಾನದಲ್ಲಿ ಬಡಗು, ತೆಂಕು ಅಂತ ಎರಡು ಶೈಲಿಗಳಿವೆ. ಬಡಗಿನಲ್ಲಿ ಮಂಡಿ ಹಾಕುವುದು, ಅಂದರೆ ಮೊಣಕಾಲಿನ ಮೇಲೆ ಗಿರಗಿರ ಸುತ್ತುವುದು, ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ತೆಂಕಿನ ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಅದೂ ಹಾಗೆಯೇ. ಪೆನ್ಸಿಲ್ ಕೆಳಗಿಟ್ಟು ನೋಡಿಬಿಡುತ್ತೇನೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಭಾನುವಾರ ಬೆಳಿಗ್ಗೆಯ ಕೆಲಸ ಶುರು. ಇದು ನನಗೆ ತುಂಬಾ ಇಷ್ಟ. ಕಾಫಿ ಕುಡಿದು, ಶನಿವಾರವೇ ಬಣ್ಣ ಹಾಕಿ ಒಣಗಿಸಿಟ್ಟ ಚಿತ್ರವನ್ನು ಕಿಟಕಿ ಹತ್ತಿರ ನೆಲದ ಮೇಲೆ ಇಡುತ್ತೇನೆ. ನನ್ನ ಕಿಟಕಿ ಉತ್ತರಕ್ಕಿದೆ, ನೇರ ಬಿಸಿಲು ಬೀಳುವುದಿಲ್ಲ, ಬೆಳಕು ಮೆತ್ತಗೆ ಬರುತ್ತದೆ. ಕಿಟಕಿಯ ಎದುರು ಬದಿಗೆ ಒಂದು ಬಿಳಿ ಹಾಳೆ ನಿಲ್ಲಿಸಿದರೆ ಆ ಕಡೆಯ ನೆರಳು ತಿಳಿಯಾಗುತ್ತದೆ. ರೂಮಿನ ಟ್ಯೂಬ್‌ಲೈಟ್ ಆರಿಸುತ್ತೇನೆ, ಇಲ್ಲದಿದ್ದರೆ ಎರಡು ಬಗೆಯ ಬೆಳಕು ಸೇರಿ ಬಿಳಿ ಹಾಳೆ ಅರ್ಧ ಹಳದಿ, ಅರ್ಧ ನೀಲಿ ಆಗುತ್ತದೆ. ಫೋನಿನ ಲೆನ್ಸನ್ನು ಹಳೆ ಪಂಚೆಯ ತುಂಡಿನಲ್ಲಿ ಒರೆಸುತ್ತೇನೆ. ಎದ್ದು ನಿಂತು, ಫೋನನ್ನು ನೆಲಕ್ಕೆ ಸಮವಾಗಿ ಹಿಡಿದು, ಸ್ವಲ್ಪ ಜೂಮ್ ಮಾಡಿ ತೆಗೆಯುತ್ತೇನೆ. ತೀರಾ ಹತ್ತಿರದಿಂದ, ಫೋನ್ ಓರೆಯಾಗಿ ಹಿಡಿದು ತೆಗೆದರೆ ಕಿರೀಟ ದೊಡ್ಡದಾಗಿ, ಕಾಲು ಸಣ್ಣದಾಗಿ ಬರುತ್ತದೆ. ಆಮೇಲೆ ಅಡಿಬರಹ: ಯಾವ ಪಾತ್ರ, ಬಡಗೋ ತೆಂಕೋ, ಯಾವ ಊರಿನ ಆಟ, ತಾರೀಕು. ಹಾಕಿ ಮುಗಿಸುವಷ್ಟರಲ್ಲಿ ಹತ್ತು ಗಂಟೆ. ಸಂಜೆಯವರೆಗೆ ಫೋನ್ ನೋಡುವುದಿಲ್ಲ ಅಂದುಕೊಳ್ಳುತ್ತೇನೆ, ಆಗುವುದಿಲ್ಲ.

ನೋಡುವವರು ಯಾರು? ನಮ್ಮದು ಸುಮಾರು 80 ಜನರ ಗುಂಪು. ಕಾಲೇಜು ಹುಡುಗರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ದುಬೈಯಲ್ಲಿರುವ ಇಬ್ಬರು, ಒಬ್ಬರು ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಬಡಗಿನ ಮೇಳದಲ್ಲಿ, ಅಂದರೆ ಯಕ್ಷಗಾನ ತಂಡದಲ್ಲಿ, ಬಹಳ ವರ್ಷ ವೇಷ ಮಾಡಿ ಈಗ ಮನೆಯಲ್ಲಿರುವ ಹಿರಿಯರೊಬ್ಬರು. ಅವರು ಯಾರ ಚಿತ್ರಕ್ಕೂ 'ಸೂಪರ್' ಅಂತ ಹಾಕುವುದಿಲ್ಲ. ಒಂದೆರಡು ಸಾಲು ಬರೆಯುತ್ತಾರೆ, ಅಷ್ಟೇ.

ಇನ್ನು ಕೆಂಪಿನ ವಿಷಯ.

ಬಡಗಿನ ಮುಂಡಾಸು ನೋಡಿದವರಿಗೆ ಗೊತ್ತು, ಕಪ್ಪು, ಕೆಂಪು, ಜರಿ. ವೇಷದವರು ಸೊಂಟಕ್ಕೆ ಉಡುವ ಕಸೆ ಸೀರೆಯ ಚೌಕುಳಿಯಲ್ಲೂ ಕೆಂಪು-ಕಪ್ಪು ಪಕ್ಕಪಕ್ಕ. ನಾನು ಮುಂಡಾಸಿನ ಒಂದೊಂದು ಸುತ್ತನ್ನೂ ಸಣ್ಣ ಬ್ರಷ್‌ನಲ್ಲಿ ಎರಡು ಗಂಟೆ ಕೂತು ತುಂಬುತ್ತೇನೆ. ನನ್ನ ಫೋನಿನ ಗ್ಯಾಲರಿಯಲ್ಲಿ ಫೋಟೋ ಚೆನ್ನಾಗಿಯೇ ಇರುತ್ತದೆ. ಆ್ಯಪ್‌ಗೆ ಹಾಕಿದ ಕೂಡಲೇ ಕೆಂಪು ಕಲಸಿಹೋಗುತ್ತದೆ. ಸುತ್ತಿನ ಅಂಚು ಕರಗುತ್ತದೆ, ಕಪ್ಪಿನೊಳಗೆ ಕೆಂಪು ಸೋರಿದ ಹಾಗೆ ಕಾಣುತ್ತದೆ, ದೊಡ್ಡದು ಮಾಡಿ ನೋಡಿದರೆ ಸಣ್ಣ ಸಣ್ಣ ಚೌಕಗಳು. ಅದೇ ಚಿತ್ರದ ಹಸಿರು ಗಿಡ, ಬಿಳಿ ಪಂಚೆ, ಪೆನ್ಸಿಲ್ ಗೆರೆ ಎಲ್ಲ ಸರಿ ಇರುತ್ತದೆ. ಕೆಂಪು ಮಾತ್ರ ಹೋಗುತ್ತದೆ. ಒಂದು ಸಲ ಕರ್ಣನ ವೇಷ ಹಾಕಿದಾಗ ಗುಂಪಿನ ಹುಡುಗನೊಬ್ಬ 'ಬಣ್ಣ ಒಣಗುವ ಮೊದಲೇ ಕೈ ತಾಗಿತಾ ಅಣ್ಣ?' ಅಂತ ಕೇಳಿದ. ಆ ದಿನ ನಿಜವಾಗಿ ಬೇಜಾರಾಯಿತು.

ಮೊದಲ ಎರಡು ವರ್ಷ ತಪ್ಪು ನನ್ನದೇ ಅಂದುಕೊಂಡಿದ್ದೆ. ಬ್ರಷ್ ಬದಲಿಸಿದೆ, ಪೋಸ್ಟರ್ ಕಲರ್ ಬದಲಿಸಿದೆ, 150 ರೂಪಾಯಿಯ ಸ್ಕೆಚ್‌ಬುಕ್ ಬಿಟ್ಟು 400ರದ್ದು ತೆಗೆದುಕೊಂಡೆ. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ 20 ರೂಪಾಯಿ ಕೊಟ್ಟು ಸ್ಕ್ಯಾನ್ ಮಾಡಿಸಿದೆ. ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟುವ ಪ್ಲಾನನ್ನೂ ಮೂರು ತಿಂಗಳು ತೆಗೆದುಕೊಂಡೆ. ಜಾಹೀರಾತು ಹೋಯಿತು, ಕೆಂಪು ಹಾಗೆಯೇ ಉಳಿಯಿತು. ಸಹಾಯಕ್ಕೆ ಬರೆದರೆ 'ಒಳ್ಳೆ ಗುಣಮಟ್ಟದ ಚಿತ್ರ ಹಾಕಿ' ಅನ್ನುವ ಸಿದ್ಧ ಉತ್ತರ ಬಂತು. ಇದನ್ನು ನಾನು ಇವತ್ತಿಗೂ ಮರೆತಿಲ್ಲ. ತಪ್ಪು ಅವರ ಕಡೆ ಇದ್ದರೂ ಹೊಸದಾಗಿ ಕಲಿಯುವವನು ತನ್ನ ಕೈಯನ್ನೇ ಅನುಮಾನಿಸುವ ಹಾಗೆ ಆಗುತ್ತದೆ. ಎಷ್ಟು ಜನ ಹೀಗೆ ಬಣ್ಣ ಹಾಕುವುದನ್ನೇ ಬಿಟ್ಟಿರಬಹುದು ಅಂತ ಯೋಚನೆ ಬರುತ್ತದೆ.

ಕಾರಣ ಗೊತ್ತಾದದ್ದು ಗುಂಪಿನಲ್ಲಿದ್ದ ಒಬ್ಬ ಎಂಜಿನಿಯರ್ ಹುಡುಗಿಯಿಂದ. ಅವಳು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಫೋಟೋಗಳು ಹೆಚ್ಚಾಗಿ ಜೆಪೆಗ್ ಎಂಬ ರೀತಿಯ ಫೈಲ್ ಆಗಿರುತ್ತವೆ. 1992ರಲ್ಲಿ ಬಂದ ಪದ್ಧತಿ ಅದು. ನಮ್ಮ ಕಣ್ಣಿಗೆ ಬೆಳಕು-ಕತ್ತಲೆಯ ವ್ಯತ್ಯಾಸ ಚೂಪಾಗಿ ಕಾಣುತ್ತದೆ, ಬಣ್ಣದ ವ್ಯತ್ಯಾಸ ಅಷ್ಟು ಚೂಪಾಗಿ ಕಾಣುವುದಿಲ್ಲ. ಅದಕ್ಕೆ ಫೈಲನ್ನು ಸಣ್ಣದು ಮಾಡುವಾಗ ಎಷ್ಟು ಬೆಳಕು ಅನ್ನುವುದನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಯಾವ ಬಣ್ಣ ಅನ್ನುವುದನ್ನು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಟ್ಟುಕೊಳ್ಳುತ್ತಾರೆ. ಆಮೇಲೆ 8×8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿ ಇನ್ನಷ್ಟು ಒತ್ತುತ್ತಾರೆ. ನಾನು ನೋಡಿದ ಚೌಕಗಳು ಅವೇ.

ಮುಖ, ಮರ, ಆಕಾಶಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಗಾಢ ಕೆಂಪು ಮತ್ತು ಕಪ್ಪು ಪಕ್ಕಪಕ್ಕ ಬಂದಾಗ ಬೆಳಕಿನಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಎರಡೂ ಕತ್ತಲೆಯ ಕಡೆಯವೇ. ಇರುವ ವ್ಯತ್ಯಾಸವೆಲ್ಲ ಬಣ್ಣದ್ದು. ಬಣ್ಣದ ಮಾಹಿತಿಯನ್ನೇ ಕಡಿಮೆ ಮಾಡಿದರೆ ಅಂಚು ಎಲ್ಲಿ ನಿಲ್ಲಬೇಕು? ನಾವು ತಲೆಮಾರುಗಳಿಂದ ಇಷ್ಟಪಟ್ಟು ನೋಡಿಕೊಂಡು ಬಂದ ಬಣ್ಣದ ಜೋಡಿಯೇ ಈ ಲೆಕ್ಕಾಚಾರಕ್ಕೆ ಬಗ್ಗದ ಜೋಡಿ.

ಅವಳು ಹೇಳಿದ ಉಪಾಯಗಳಲ್ಲಿ ಎರಡು ಕೆಲಸ ಮಾಡಿದವು. ಒಂದು, ಆ್ಯಪ್ ಎಷ್ಟು ಅಗಲಕ್ಕೆ ಇಳಿಸುತ್ತದೋ ಅಷ್ಟಕ್ಕೆ ನಾವೇ ಮೊದಲು ಇಳಿಸಿ ಹಾಕುವುದು. ನನ್ನದರಲ್ಲಿ ಅದು 1080 ಪಿಕ್ಸೆಲ್. ಆ್ಯಪ್ ತಾನಾಗಿ ಅಳತೆ ಕುಗ್ಗಿಸುವ ಒಂದು ಸುತ್ತು ತಪ್ಪುತ್ತದೆ. ಇನ್ನೊಂದು, ಗುಂಪಿನವರಿಗೆ ನಿಜವಾದ ಬಣ್ಣ ತೋರಿಸಬೇಕಿದ್ದರೆ ಮೆಸೇಜಿನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸುವುದು. ಪಿಎನ್‌ಜಿ ಎಂಬ ಇನ್ನೊಂದು ರೀತಿಯ ಫೈಲ್ ಮಾಡಿ ಹಾಕಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನನ್ನ ಆ್ಯಪ್ ಅದನ್ನೂ ಜೆಪೆಗ್ ಮಾಡಿಬಿಡುತ್ತದೆ, ಪ್ರಯೋಜನ ಇಲ್ಲ.

ಇಷ್ಟಾದರೂ ಅರ್ಧ ಮಾತ್ರ ಸರಿಯಾಗಿತ್ತು. ಆಗ ಆ ಹಿರಿಯರು ನನ್ನ ಅಭಿಮನ್ಯುವಿನ ಚಿತ್ರದ ಕೆಳಗೆ ಎರಡು ಸಾಲು ಬರೆದರು: 'ಮುಂಡಾಸು ಟೊಪ್ಪಿ ಅಲ್ಲ ಮಗಾ, ಕಟ್ಟುವುದು. ಜರಿ ಎಲ್ಲಿ ಹೋಯಿತು?'

ಅಭಿಮನ್ಯುವಿನಂಥ ಎಳೆಯ ವೀರರು ಕಟ್ಟುವ ಮುಂಡಾಸಿಗೆ ಕೇದಗೆ ಮುಂದಲೆ ಅನ್ನುತ್ತಾರೆ. ಅದನ್ನು ನಾನು ಒಟ್ಟಾರೆ ಒಂದು ಆಕಾರವಾಗಿ ಬಿಡಿಸಿ, ಒಳಗೆ ಕೆಂಪು-ಕಪ್ಪು ತುಂಬಿದ್ದೆ. ಜರಿಯನ್ನು ಮಂಕು ಹಳದಿಯಲ್ಲಿ ಕೊನೆಗೆ ಸುಮ್ನೆ ಎಳೆದಿದ್ದೆ. ಅವರ ಮಾತು ಓದಿ ಆ ಸೀಸನ್‌ನಲ್ಲಿ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಕೂತೆ. ಮೇಳದವರನ್ನು ಕೇಳಿ, ಮೂಲೆಯಲ್ಲಿ ಯಾರಿಗೂ ಅಡ್ಡ ಬರದ ಹಾಗೆ. ತಲೆಗೆ ಬಟ್ಟೆ ಸುತ್ತುತ್ತಾ ಸುತ್ತುತ್ತಾ ಮುಂಡಾಸು ಏಳುವುದನ್ನು ಮೊದಲ ಸಲ ಸರಿಯಾಗಿ ನೋಡಿದೆ. ಸುತ್ತು ಬಿಗಿಯಾಗುವಾಗ ವೇಷಧಾರಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕಪ್ಪಿನ ಮೇಲೆ ಕೆಂಪು, ನಡುವೆ ಹೊಳೆಯುವ ಜರಿ ಪಟ್ಟಿ. ಜರಿ ಬಂದ ಕೂಡಲೇ ಸುತ್ತುಗಳು ಬೇರೆ ಬೇರೆಯಾಗಿ ಎದ್ದು ಕಂಡವು. ದೀವಟಿಗೆಯ ಬೆಳಕಿನಲ್ಲಿ ಆಟ ಆಗುತ್ತಿದ್ದ ಕಾಲದಲ್ಲಿ ದೂರ ಕೂತವರಿಗೆ ಕೆಂಪು-ಕಪ್ಪು ಒಂದೇ ಆಗಿ ಕಾಣುತ್ತಿತ್ತೇನೋ, ಅದಕ್ಕೇ ಜರಿ ಇಷ್ಟು ಮುಖ್ಯವಾಯಿತೇನೋ ಅಂತ ನನಗೆ ಅನಿಸಿತು.

ಮನೆಗೆ ಬಂದು ಅದೇ ಅಭಿಮನ್ಯುವನ್ನು ಮತ್ತೆ ಬಿಡಿಸಿದೆ. ಈ ಸಲ ಹಣೆಯಿಂದ ಶುರುಮಾಡಿ, ಕಟ್ಟುವ ಕ್ರಮದಲ್ಲೇ ಸುತ್ತಿನ ಮೇಲೆ ಸುತ್ತು. ಜರಿ ಬರುವ ಕಡೆ ಬಣ್ಣವೇ ಹಾಕದೆ ಬಿಳಿ ಹಾಳೆಯನ್ನು ಹಾಗೇ ಬಿಟ್ಟೆ, ಮೇಲೆ ತೆಳ್ಳಗೆ ಹಳದಿ ನೀರು. ಆ್ಯಪ್‌ಗೆ ಹಾಕಿ ನೋಡಿದರೆ ಕೆಂಪು ನಿಂತಿತ್ತು. ಕೆಂಪು ಮತ್ತು ಕಪ್ಪಿನ ನಡುವೆ ಈಗ ಬೆಳಕಿನ ಗೆರೆ ಇದೆ. ಬೆಳಕಿನ ಗೆರೆಯನ್ನು ಜೆಪೆಗ್ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನಾನು ಎದ್ದು ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದು ತೋರಿಸಿದೆ.

ಇದು ಆ್ಯಪ್‌ನ ದೊಡ್ಡತನ ಅಂತ ನಾನು ಒಪ್ಪುವುದಿಲ್ಲ. ಕೆಂಪನ್ನು ಸರಿಯಾಗಿ ಇಟ್ಟುಕೊಳ್ಳುವ ಆಯ್ಕೆ ಅವರು ಕೊಡಬೇಕು, ಅದಕ್ಕೆ ದುಡ್ಡು ಕೇಳಿದರೂ ಕೊಡುತ್ತೇನೆ. ಆದರೆ ಆ ಹಿರಿಯರು ಮತ್ತು ಆ ಹುಡುಗಿ ನನಗೆ ಸಿಕ್ಕಿದ್ದು ಇಲ್ಲೇ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ರೇಖಾಚಿತ್ರಗಳನ್ನು ನೋಡು, ನಾಲ್ಕೇ ಗೆರೆಯಲ್ಲಿ ಕುಣಿತ ಹೇಗೆ ನಿಲ್ಲುತ್ತದೆ ನೋಡು ಅಂತ ಹೇಳಿದ ಡ್ರಾಯಿಂಗ್ ಮೇಷ್ಟ್ರು ಸಿಕ್ಕಿದ್ದೂ ಇಲ್ಲೇ. ಉಡುಪಿ ಹತ್ತಿರ ಹುಟ್ಟಿದ ಅಷ್ಟು ದೊಡ್ಡ ಕಲಾವಿದನ ಚಿತ್ರ ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಇನ್ನೊಂದು ದೂರು ಚಿಕ್ಕದಾಗಿ ಹೇಳುತ್ತೇನೆ. ನನ್ನ ಚಿತ್ರವೊಂದರ ಸಹಿ ಕತ್ತರಿಸಿ ಯಾರೋ ಕಾರ್ಯಕ್ರಮದ ಫ್ಲೆಕ್ಸಿಗೆ ಹಾಕಿದ್ದರು. ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದೆ. ಚಿತ್ರ ಬಿಡಿಸಿದವರಿಗೆ ಅದರ ಹಕ್ಕು ಬಿಡಿಸಿದ ಕ್ಷಣದಿಂದಲೇ ಇರುತ್ತದೆ, ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಈಗ ಸಹಿಯನ್ನು ಮೂಲೆಯಲ್ಲಿ ಹಾಕುವುದಿಲ್ಲ, ಕಸೆಯ ನೆರಿಗೆಯೊಳಗೆ ಹಾಕುತ್ತೇನೆ. ಬೇರೆಯವರನ್ನು ಕೇಳಿಯೇ ಹಾಕುವ ಮರ್ಯಾದೆಯನ್ನು ನಾವೂ ಇಟ್ಟುಕೊಳ್ಳಬೇಕು. ಪಾತ್ರದ ಚಿತ್ರ ಬೇರೆ, ಗುರುತು ಸಿಗುವ ಹಾಗೆ ಕಲಾವಿದರ ಮುಖ ಬಿಡಿಸುವುದು ಬೇರೆ. ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿಕೊಂಡು ಕೂತವರನ್ನು ಬಿಡಿಸಿದರೆ ಅವರಿಗೆ ತೋರಿಸಿ, ಕೇಳಿಯೇ ಹಾಕುತ್ತೇನೆ. ಒಬ್ಬರು ಬೇಡ ಅಂದರು. ಆ ಹಾಳೆಯನ್ನು ಅವರಿಗೇ ಕೊಟ್ಟು ಬಂದೆ.

ಐದರಲ್ಲಿ ಮೂರು ಸ್ಟಾರ್. ಪೆನ್ಸಿಲ್, ಕಪ್ಪು ಇಂಕಿನ ಸ್ಕೆಚ್ ಹಾಕುವವರಿಗಾದರೆ ನಾಲ್ಕು. ಕೆಂಪು ಜಾಸ್ತಿ ಬಳಸುವವರು 1080ಕ್ಕೆ ಇಳಿಸಿ ಹಾಕಿ, ಕೆಂಪು-ಕಪ್ಪಿನ ನಡುವೆ ಒಂದು ಕೂದಲೆಳೆ ಬಿಳಿ ಬಿಡಿ. ಪ್ಲಾನಿಗೆ ದುಡ್ಡು ಕಟ್ಟಬೇಡಿ, ಆ ದುಡ್ಡಿಗೆ ಒಳ್ಳೆ ಬ್ರಷ್ ಬರುತ್ತದೆ.

ನವೆಂಬರ್‌ನಲ್ಲಿ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಈ ಸಲ ತೆಂಕಿನ ಬಣ್ಣದ ವೇಷ, ಅಂದರೆ ರಾಕ್ಷಸರ ವೇಷ, ಬಿಡಿಸಬೇಕು ಅಂತ ಇದ್ದೇನೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಕ್ಕಿ ಚುಕ್ಕಿಯಾಗಿ ಇಡುವ ಚುಟ್ಟಿ ಇದೆಯಲ್ಲ, ಮುಳ್ಳಿನ ಹಾಗೆ ನಿಲ್ಲುವ ಆ ಬಿಳಿಯನ್ನು ಬಿಳಿ ಹಾಳೆಯ ಮೇಲೆ ಹೇಗೆ ತರುವುದು ಅಂತ ಇನ್ನೂ ಹೊಳೆದಿಲ್ಲ. ನಮ್ಮ ಗುಂಪಿನಲ್ಲಿ ತೆಂಕು ಬಿಡಿಸುವವರು ಇಬ್ಬರೇ. ನೀವು ಬಿಡಿಸುತ್ತೀರಾದರೆ ಬನ್ನಿ, ನಿಮ್ಮ ಹಾಳೆ ತೋರಿಸಿ.