ಸೂರತ್ ನೂಲು ತರಿಸುವವರೇ, ಬಾಕಿ ದುಡ್ಡು ಹಾಕುವ ಮುಂಚೆ ಇ-ವೇ ಬಿಲ್‌ನ ‘ಪಾರ್ಟ್-ಬಿ’ ನೋಡಿ

ಸೂರತ್‌ನಿಂದ ನೂಲು ತರಿಸುವ ದೊಡ್ಡಬಳ್ಳಾಪುರದ ಮಗ್ಗದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೇರೆ ಊರಿನವರೂ ಓದಿ. ಮಾಲು ಹೊರಡದೆಯೇ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾಡುವ ಚೀಟಿ) ತೋರಿಸಿ ನನ್ನಿಂದ ಪೂರ್ತಿ ದುಡ್ಡು ಹಾಕಿಸಿಕೊಂಡ ನೂಲಿನ ಏಜೆಂಟ್ ಹೆಸರು ಹಾಕುತ್ತಿಲ್ಲ. ಆದರೆ ಹೀಗೆ ಮಾಡುವವನು ಅವನೊಬ್ಬನೇ ಅಲ್ಲ.

ನಮ್ಮ ಲೆಕ್ಕ ನಿಮಗೆ ಗೊತ್ತೇ ಇದೆ. ಆಷಾಢದಲ್ಲಿ ನೇಯ್ದಿಟ್ಟುಕೊಂಡರೆ ತಾನೇ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂಗಡಿಗೆ ಸೀರೆ ತಲುಪುವುದು? ನೂಲು ಹೇಳಿದ ದಿನಕ್ಕೆ ಬಂದರೆ ಗೋಡೌನ್‌ನಲ್ಲಿ ಕಡಿಮೆ ಸ್ಟಾಕ್ ಇಟ್ಟುಕೊಂಡೇ ಮಗ್ಗ ನಡೆಸಬಹುದು. ಬರುತ್ತದೋ ಇಲ್ಲವೋ ಅಂತಿದ್ದರೆ ಎರಡು ತಿಂಗಳ ನೂಲು ಮೊದಲೇ ತಂದು ಪೇರಿಸಬೇಕು. ದುಡ್ಡೆಲ್ಲ ಅಲ್ಲೇ ಕೂತುಬಿಡುತ್ತದೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಈ ಏಜೆಂಟ್ "ಹತ್ತು ದಿನದಲ್ಲಿ ಮಾಲು ನಿಮ್ಮ ಬಾಗಿಲಿಗೆ" ಅಂದ. ಹಿಂದಿನ ಆರ್ಡರ್‌ಗಳು ಹೇಳಿದ ಹಾಗೇ ಬಂದಿದ್ದವು. ಅದಕ್ಕೇ ಹೊಕ್ಕಿನ ನೂಲು (ಅಡ್ಡಕ್ಕೆ ನೇಯುವುದು), ಮೆರೂನ್ ಮತ್ತು ಬಾಟಲ್ ಗ್ರೀನ್, ಪೂರ್ತಿ ಅವನಿಗೇ ಹೇಳಿ ಅರ್ಧ ಅಡ್ವಾನ್ಸ್ ಹಾಕಿದೆ.

ಹತ್ತು ದಿನ ಆಯಿತು. "ಡೈಯಿಂಗ್‌ನಲ್ಲಿದೆ ಸಾರ್." ಆಮೇಲೆ "ಪ್ಯಾಕಿಂಗ್ ಆಗ್ತಿದೆ ಸಾರ್." ಆಮೇಲೆ "ಸೂರತ್‌ನಲ್ಲಿ ಸಿಕ್ಕಾಪಟ್ಟೆ ಮಳೆ ಸಾರ್." ನಾನು ರೇಗಿದ ಮೇಲೆ "ಮಾಲು ಲೋಡ್ ಆಗಿದೆ, ನೀವೇ ನೋಡಿ" ಅಂತ ವಾಟ್ಸಾಪ್‌ನಲ್ಲಿ ಇ-ವೇ ಬಿಲ್ ಫೋಟೋ ಕಳಿಸಿದ. ಬಿಲ್ ನಂಬರ್ ಇದೆ, ನಮ್ಮ ಜಿಎಸ್‌ಟಿ ನಂಬರ್ ಇದೆ, ಮೊತ್ತ ಸರಿಯಾಗಿದೆ. ಬಾಕಿ ದುಡ್ಡೂ ಹಾಕಿದೆ. ಅಂಗಡಿಯವರಿಗೆ ಫೋನ್ ಮಾಡಿ ಸೀರೆ ಇಂಥ ದಿನ ಬರುತ್ತದೆ ಅಂತ ಮಾತು ಕೊಟ್ಟೆ. ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ. ನನ್ನ ಬಾಯಿಂದ ಅವನು ಸುಳ್ಳು ಹೇಳಿಸಿದ.

ಲಾರಿ ಬರಲೇ ಇಲ್ಲ. ನಮ್ಮ ಲೆಕ್ಕ ಬರೆಯುವ ಹುಡುಗಿ ಆ ಫೋಟೋ ದೊಡ್ಡದು ಮಾಡಿ ನೋಡಿದಳು. "ಅಣ್ಣ, ಇದ್ರಲ್ಲಿ ಗಾಡಿ ನಂಬರೇ ಇಲ್ವಲ್ಲ?" ಅಂದಳು. ಮೇಲೆ ‘ಪಾರ್ಟ್-ಎ ಸ್ಲಿಪ್’ ಅಂತಿತ್ತು. ಅಂದರೆ ಬಿಲ್ಲಿನ ವಿವರ ಮಾತ್ರ ತುಂಬಿದ್ದಾರೆ. ಗಾಡಿ ನಂಬರ್ ಬರುವುದು ಪಾರ್ಟ್-ಬಿಯಲ್ಲಿ. ಅದನ್ನು ಹಾಕಲು 15 ದಿನ ಅವಕಾಶ ಇರುತ್ತದೆ. ಮಾಲು ಸೂರತ್ ಬಿಟ್ಟೇ ಇರಲಿಲ್ಲ! ಕೇಳಿದರೆ ಏನಂದ ಗೊತ್ತಾ? "ಲೋಡ್ ಆಗಿದೆ ಅಂದೆ, ಹೊರಟಿದೆ ಅಂದ್ನಾ ಸಾರ್?" ಹಾಗಂತ ನನಗೇ ತಿರುಗಿ ಕೇಳಿದ! ಮಾರನೇ ದಿನ, "ಸೀಸನ್‌ನಲ್ಲಿ ಎಲ್ರಿಗೂ ಲೇಟ್ ಆಗತ್ತೆ, ನಿಮಗೊಬ್ರಿಗೇನಾ?" ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಹಾಸು, ಅಂದರೆ ಉದ್ದದ ನೂಲು, ಮಗ್ಗದ ಮೇಲಿದೆ, ಹೊಕ್ಕಿಗೆ ನೂಲಿಲ್ಲ. ಮಗ್ಗ ನಿಂತರೆ ನೇಕಾರರಿಗೆ ಕೂಲಿಯೂ ಇಲ್ಲ. ಅವರಿಗೆ ಸೀರೆ ಲೆಕ್ಕದಲ್ಲಿ ಕೂಲಿ ತಾನೇ? ಇಬ್ಬರು ಬೇರೆ ಕಡೆ ಹೋದರು, ಅವರದೇನೂ ತಪ್ಪಿಲ್ಲ. ಇಲ್ಲೇ ಸಿಕ್ಕಿದ ಮೆರೂನ್ ತಂದು ಅರ್ಧಕ್ಕೆ ನಿಂತ ಸೀರೆ ಮುಗಿಸಿದೆವು. ಎರಡರ ಬಣ್ಣ ಹೊಂದಲಿಲ್ಲ, ಬಿಸಿಲಿಗೆ ಹಿಡಿದರೆ ಹಳೇ ನೂಲಿನ ಲಾಟ್ ಮುಗಿದ ಕಡೆ ಸೀರೆ ಮೈಯಲ್ಲಿ ಅಡ್ಡಗೆರೆ ಎದ್ದು ಕಾಣುತ್ತದೆ. ಅಷ್ಟೂ ಸೆಕೆಂಡ್ಸ್ (ದೋಷ ಇರುವ ಮಾಲು) ರೇಟಿಗೆ ಹೋಯಿತು. ಸೂರತ್ ಮಾಲು ಬಂದಿದ್ದು ಹಬ್ಬ ಮುಗಿದ ಮೇಲೆ. ಈಗ ಗೋಡೌನ್ ತುಂಬ ನೂಲು, ಕೇಳುವವರಿಲ್ಲ.

ಫೋಟೋ ನಂಬಬೇಡಿ. ಇ-ವೇ ಬಿಲ್ ಪೋರ್ಟಲ್‌ಗೆ ನಿಮ್ಮದೇ ಲಾಗಿನ್‌ನಲ್ಲಿ ಹೋದರೆ ಬೇರೆಯವರು ನಿಮ್ಮ ಹೆಸರಿಗೆ ಮಾಡಿದ ಬಿಲ್ಲುಗಳು ಕಾಣುತ್ತವೆ. ಅಲ್ಲಿ ಗಾಡಿ ನಂಬರ್ ನೋಡಿ. ಟ್ರಾನ್ಸ್‌ಪೋರ್ಟ್‌ನವರ ಎಲ್‌ಆರ್ (ಮಾಲು ಒಪ್ಪಿಕೊಂಡ ರಸೀದಿ) ಕೈಗೆ ಬರುವ ತನಕ ಬಾಕಿ ಒಂದು ರೂಪಾಯಿ ಹಾಕಬೇಡಿ. ಲೇಟಾದರೆ ದಿನಕ್ಕೆ ಇಷ್ಟು ಕಡಿತ ಅಂತ ಆರ್ಡರ್‌ನಲ್ಲೇ ಬರೆಸಿ. ಬರೆದುಕೊಡಲು ಒಪ್ಪದವನ ಹತ್ತಿರ ರೇಟ್ ಎಷ್ಟೇ ಕಡಿಮೆ ಇದ್ದರೂ ಬೇಡ. ನನ್ನ ಏಜೆಂಟ್ ಈಗ ದೀಪಾವಳಿ ಆರ್ಡರ್ ಬರೆದುಕೊಳ್ಳಲು ನಮ್ಮೂರಲ್ಲೇ ಓಡಾಡುತ್ತಿದ್ದಾನೆ. ಹತ್ತು ದಿನ ಅಂತಲೇ ಹೇಳುತ್ತಿದ್ದಾನಂತೆ.