ವಿರಾಜಪೇಟೆಲಿ ಫೌಜಿ (ಸೈನ್ಯದವರ) ಪೆನ್ಶನ್ ಪೇಪರ್ ಕೆಲಸಕ್ಕೆ ಒಂದು ಅಂಗಡಿ: ನಾಲ್ಕು ಸ್ಟಾರ್, ಐದನೇದು ಯಾಕೆ ಕೊಟ್ಟಿಲ್ಲ ಅಂತನೂ ಹೇಳ್ತೀನಿ

ಅಂಗಡಿ ಹೆಸರು ಹಾಕಲ್ಲ, ಯಾಕಂದ್ರೆ ಅವರೇ ಬೇಡ ಅಂದಿದ್ದಾರೆ, ಈಗಲೇ ಜನ ಜಾಸ್ತಿ ಅಂತೆ. ವಿರಾಜಪೇಟೆ ಗಡಿಯಾರ ಕಂಬದಿಂದ ನಡ್ಕೊಂಡೇ ಹೋಗಬಹುದು, ಹೊರಗಡೆ ಜೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಫೋಟೋ ಅಂತ ಮಾಮೂಲಿ ಬೋರ್ಡು. ಒಳಗೆ ನಾಲ್ಕು ಮಫ್ಲರ್ ತಾತಂದಿರು ಮಿಲಿಟರಿ ಕ್ಯಾಂಟೀನ್ ಚೀಲ ಕಾಲ ಹತ್ರ ಇಟ್ಕೊಂಡು ಕೂತಿದ್ರೆ ಅದೇ ಅಂಗಡಿ ಅಂತ ತಿಳ್ಕೊಳ್ಳಿ. ಬುಧವಾರ ಮಾತ್ರ ಹೋಗ್ಬೇಡಿ, ಸಂತೆ, ಕಾರು ನಿಲ್ಸೋಕೆ ಜಾಗ ಹುಡುಕೋದ್ರಲ್ಲೇ ಅರ್ಧ ದಿನ ಹೋಗುತ್ತೆ.

ನಡೆಸೋರು ರಿಟೈರ್ಡ್ ಹವಾಲ್ದಾರ್, ಸರ್ವೀಸ್ ಪೂರ್ತಿ ಕ್ಲರ್ಕ್ ಕೆಲಸ. ನಾನು ಅಣ್ಣ ಅಂತೀನಿ, ಅವರು ನನ್ನ ತಂಗಿ ಅಂತಾರೆ, ನಮ್ಮ ಮಾವ ಒಳಗೆ ಕಾಲಿಟ್ರೆ ಮಾತ್ರ ಎದ್ದು ನಿಂತು "ಸರ್" ಅಂತಾರೆ. ಮಾವ ಲೆಫ್ಟಿನೆಂಟ್ ಕರ್ನಲ್ ಆಗಿ ಬಂದೋರು, 1971ರ ಯುದ್ಧ ನೋಡಿದೋರು, ಈ ವರ್ಷ ಅವರಿಗೆ 80 ತುಂಬ್ತು. ನಾನು ಈ ಅಂಗಡಿ ಹುಡ್ಕೊಂಡು ಹೋಗಿದ್ದೇ ಆ 80ರ ವಿಷಯಕ್ಕೆ.

ಮಾವನ ವಾಟ್ಸಾಪ್‌ಗೆ ದಿನಕ್ಕೆ ಹತ್ತು ಮೆಸೇಜ್ ಬರುತ್ತೆ. ಒಂದರಲ್ಲಿ 65 ಆದ್ರೆ 5 ಪರ್ಸೆಂಟ್, 70ಕ್ಕೆ 10, 75ಕ್ಕೆ 15 ಪರ್ಸೆಂಟ್ ಪೆನ್ಶನ್ ಜಾಸ್ತಿ ಅಂತ ಇತ್ತು, ಇನ್ನೊಂದರಲ್ಲಿ 79 ಮುಗಿದ ಮಾರನೇ ದಿನವೇ 80ರ ಹಣ ಶುರು ಅಂತ. ಮಾವ ಎರಡನ್ನೂ ನಂಬ್ಕೊಂಡು ನಮಗೆ ಬರಬೇಕಾದ ಹದಿನೈದು ವರ್ಷದ ಬಾಕಿ ಎಷ್ಟಾಗುತ್ತೆ ಅಂತ ಡೈರಿಲಿ ಲೆಕ್ಕ ಹಾಕಿ ಇಟ್ಟಿದ್ರು, ಆ ದುಡ್ಡಲ್ಲಿ ಕಣದ ಸಿಮೆಂಟ್ ಕೆಲಸನೂ ಮನಸ್ಸಲ್ಲೇ ಮುಗ್ದಿತ್ತು. ಮೊಬೈಲ್ ತೋರ್ಸಿದ್ವಿ. ಅಣ್ಣ ಕನ್ನಡಕ ಹಾಕ್ಕೊಂಡು ಕೆಳಗಿನವರೆಗೂ ಓದಿ ಒಂದೇ ಪ್ರಶ್ನೆ ಕೇಳಿದ್ರು: "ಸರ್, ಲೆಟರ್ ನಂಬರ್ ಎಲ್ಲಿದೆ?"

ಸರ್ಕಾರದ ಆರ್ಡರ್ ಆದ್ರೆ ಇರ್ಬೇಕಾದ ಲೆಟರ್ ನಂಬರ್ ಅದರಲ್ಲಿ ಇರಲಿಲ್ಲ. 65ಕ್ಕೆ 5 ಅನ್ನೋದು ಪಾರ್ಲಿಮೆಂಟ್ ಸಮಿತಿ ಮಾಡಿದ ಶಿಫಾರಸು ಸರ್, ಆರ್ಡರ್ ಅಲ್ಲ, ಆರ್ಡರ್ ಇರೋದು 80ರಿಂದ, 80ಕ್ಕೆ ಬೇಸಿಕ್ ಪೆನ್ಶನ್ ಮೇಲೆ 20 ಪರ್ಸೆಂಟ್, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ಹೊಡೆದ್ರೆ ಪೂರ್ತಿ ಇನ್ನೊಂದು ಪೆನ್ಶನ್, ಅದರ ಮೇಲೆ ಡಿಎ (ತುಟ್ಟಿಭತ್ಯೆ) ಕೂಡ ಸಿಗುತ್ತೆ, 80 ತುಂಬೋ ತಿಂಗಳ ಒಂದನೇ ತಾರೀಖಿನಿಂದ ಲೆಕ್ಕ ಅಂದ್ರು. ಮಾವ ಸ್ವಲ್ಪ ಹೊತ್ತು ಸುಮ್ನಿದ್ದು "ನೂರಕ್ಕೆ ಟ್ರೈ ಮಾಡೋಣ ಬಿಡು" ಅಂದ್ರು. ಅಂಗಡಿ ತುಂಬಾ ನಗು.

ನನಗೆ ಈ ಅಂಗಡಿ ಇಷ್ಟ ಆಗಿದ್ದೇ ಇದಕ್ಕೆ ಮಾರಾಯ್ರೆ. ಬೇರೆ ಕಡೆ ಹೋದ್ರೆ ಕೇಳಿದ ಅರ್ಜಿ ಹಾಕಿ ದುಡ್ಡು ತಗೋತಾರೆ, ನಿಮಗೆ ಇದು ಬರಲ್ಲ ಅಂತ ಹೇಳಿ ವಾಪಸ್ ಕಳ್ಸಲ್ಲ. ಇದಕ್ಕೆ ಮುಂಚೆ ನಾವು ಒಂದು ಸೈಬರ್ ಸೆಂಟರ್‌ಗೆ ಹೋಗಿದ್ವಿ, ಯಾವ ಊರು ಯಾವ ಸೆಂಟರ್ ಅಂತ ಬೇಡ. ಅತ್ತೆ ಹೆಸರು ಪಿಪಿಓದಲ್ಲಿ, ಅಂದ್ರೆ ಪೆನ್ಶನ್ ಆರ್ಡರ್ ಕಾಗದದಲ್ಲಿ, ತವರಿನ ಮನೆಹೆಸರಿನ ಇನಿಶಿಯಲ್ ಜೊತೆ ಇದೆ, ಆಧಾರ್‌ನಲ್ಲಿ ಮಾವನ ಮನೆಹೆಸರು ಪೂರ್ತಿಯಾಗಿ ಮುಂದೆ ಬಂದಿದೆ, ಹುಟ್ಟಿದ ತಾರೀಖು ಪಿಪಿಓದಲ್ಲಿ ಇಲ್ಲವೇ ಇಲ್ಲ. ಕೊಡವ ಮನೆಗಳಲ್ಲಿ ಇದು ಎಲ್ಲರ ಕಥೆ. ಆಗ ಯಾವನೋ ಕ್ಲರ್ಕ್‌ಗೆ ಮನೆಹೆಸರು ಮುಂದೆ ಬರುತ್ತೆ ಅನ್ನೋದೇ ಗೊತ್ತಿಲ್ಲ, ಅದನ್ನೇ ಸ್ವಂತ ಹೆಸರು ಅಂದ್ಕೊಂಡು ಸ್ವಂತ ಹೆಸರನ್ನ ಅಪ್ಪನ ಹೆಸರು ಮಾಡಿ ಬರ್ದಿರ್ತಾನೆ. ನಾಳೆ ಮಾವನಿಗೆ ಏನಾದ್ರೂ ಆಗಿ ಅತ್ತೆಗೆ ಫ್ಯಾಮಿಲಿ ಪೆನ್ಶನ್ ಬರಬೇಕಂದ್ರೆ ಇದು ಸರಿ ಇರ್ಬೇಕು, ಅತ್ತೆಗೆ 80 ಆದಾಗ ಜಾಸ್ತಿ ಹಣ ಬರೋಕೂ ಹುಟ್ಟಿದ ತಾರೀಖು ದಾಖಲೆಲಿ ಇರ್ಬೇಕು.

ಆ ಸೆಂಟರ್ ಹುಡುಗ ಕಾಗದ ಎಲ್ಲಾ ಸೇರ್ಸಿ ಮಾವನ ರೆಜಿಮೆಂಟ್ ರೆಕಾರ್ಡ್ಸ್ ಆಫೀಸ್‌ಗೆ ರಿಜಿಸ್ಟರ್ಡ್ ಪೋಸ್ಟ್ ಮಾಡ್ಸಿದ. ಎಂಟು ತಿಂಗಳು ಕಾದ್ವಿ, ಲಕೋಟೆ ಹಾಗೇ ವಾಪಸ್ ಬಂತು. ಅಣ್ಣ ಅದನ್ನ ನೋಡಿ ಹಣೆ ಚಚ್ಕೊಂಡ್ರು. ರೆಕಾರ್ಡ್ಸ್ ಆಫೀಸ್ ಇರೋದು ಜವಾನರು, ಜೆಸಿಓಗಳ (ಸುಬೇದಾರ್ ಥರದವರ) ದಾಖಲೆಗೆ ತಂಗಿ, ಆಫೀಸರ್‌ಗಳದ್ದು ಡೆಲ್ಲಿ ಆರ್ಮಿ ಹೆಡ್ ಕ್ವಾರ್ಟರ್ಸ್‌ನಲ್ಲಿ, ಸರ್ವೀಸ್‌ನಲ್ಲಿ ಇದ್ದಾಗ ಇವರ ಸಂಬಳ ಪುಣೆಯಿಂದ, ಪೆನ್ಶನ್ ಪ್ರಯಾಗ್‌ರಾಜ್‌ನಿಂದ, ರೆಜಿಮೆಂಟ್‌ಗೆ ಬರ್ದು ಏನು ಪ್ರಯೋಜನ ಅಂದ್ರು. ಮಾವ ಮೂವತ್ತು ವರ್ಷದಿಂದ ಪೆನ್ಶನ್ ತಗೊಳ್ತಿದ್ದಾರೆ, ಅವರಿಗೂ ಇದು ಸರಿಯಾಗಿ ಗೊತ್ತಿರಲಿಲ್ಲ ಅನ್ನೋದು ಬೇರೆ ಮಾತು. ಅವರ ಪಾಲಿಗೆ ಪೆನ್ಶನ್ ಅಂದ್ರೆ ಬ್ಯಾಂಕು, ಬ್ಯಾಂಕ್ ಮ್ಯಾನೇಜರು, ಒಂದು ಲೋಟ ಕಾಫಿ. ಸ್ಪರ್ಶ್ ಅನ್ನೋ ಸೈನ್ಯದ ಪೆನ್ಶನ್ ವೆಬ್‌ಸೈಟ್ ಬಂದ ಮೇಲೆ ಎಲ್ಲಾ ಕಂಪ್ಯೂಟರ್‌ಗೆ ಹೋಗಿ ಆ ಕಾಫಿನೂ ಹೋಯ್ತು.

ಅಣ್ಣ ಸ್ಪರ್ಶ್‌ನಲ್ಲಿ ಮಾವನ ಲಾಗಿನ್ ತೆಗೆದು ಮೊದಲು ನೋಡಿದ್ದು ಮಾವನದೇ ಹುಟ್ಟಿದ ತಾರೀಖು ಸರಿ ಇದೆಯಾ ಅಂತ, ಅದು ತಪ್ಪಿದ್ರೆ 20 ಪರ್ಸೆಂಟ್ ತಾನಾಗೇ ಬರಲ್ಲ. ಸರಿ ಇತ್ತು. ಸರಿ ಅಂದ್ರೆ ಶಾಲೆ ಮೇಷ್ಟ್ರು ಅಂದಾಜಲ್ಲಿ ಬರ್ಸಿದ ತಾರೀಖು, ಆದ್ರೆ ಸೈನ್ಯಕ್ಕೆ ಅದೇ ನಿಜ. ಆಮೇಲೆ ಅತ್ತೆ ವಿಷಯಕ್ಕೆ ಅಫಿಡವಿಟ್, ಆಧಾರ್, ಪ್ಯಾನ್, ಮದುವೆ ದಾಖಲೆ ಎಲ್ಲಾ ಸ್ಕ್ಯಾನ್ ಮಾಡಿ ರಿಕ್ವೆಸ್ಟ್ ಹಾಕಿದ್ರು, ಒಂದೊಂದು ಫೈಲ್‌ಗೂ ಏನು ಅಂತ ಹೆಸರು ಕೊಟ್ಟು, ಅದರ ಪ್ರಿಂಟ್ ನಮ್ಮ ಕೈಗೂ ಕೊಟ್ರು. ಮೂರು ತಿಂಗಳಾಗೋ ಮೊದಲೇ ಸರಿ ಆಗಿ ಬಂತು. ಮಾವನ 20 ಪರ್ಸೆಂಟ್ ಯಾರನ್ನೂ ಕೇಳದೆ ಅದೇ ತಿಂಗಳು ಬಿತ್ತು.

ಮತ್ತೆ ನವೆಂಬರ್ ಕಥೆ. ಲೈಫ್ ಸರ್ಟಿಫಿಕೇಟ್. ಅರೇಬಿಕಾ ಕಾಫಿ ಹಣ್ಣು ಕುಯ್ಯೋ ಟೈಮು, ಮುಂದೆ ಹುತ್ತರಿ, ಅದರ ಮಧ್ಯೆ ನಾನಿನ್ನೂ ಬದುಕಿದ್ದೀನಿ ಅಂತ ಸರ್ಕಾರಕ್ಕೆ ಹೇಳೋಕೆ ಹೋಗ್ಬೇಕು. ಜೀವನ್ ಪ್ರಮಾಣ್ ಅನ್ನೋ ಆನ್‌ಲೈನ್ ಲೈಫ್ ಸರ್ಟಿಫಿಕೇಟ್ 2014ರಲ್ಲೇ ಬಂದಿದೆ, ಆದ್ರೆ ನಮ್ಮ ಕಡೆ ಹೆಬ್ಬೆಟ್ಟಿನ ಮೆಷಿನ್ ಕೆಲಸ ಮಾಡಲ್ಲ, ಜೀವಮಾನ ಎಲ್ಲಾ ತೋಟದಲ್ಲಿ ಮಣ್ಣು ಮುಟ್ಟಿ ಕಾಳುಮೆಣಸು ಉಜ್ಜಿದ ಬೆರಳಲ್ಲಿ ಗೆರೆ ಎಲ್ಲಿಂದ ಬರ್ಬೇಕು. ಮಾವನ ಹತ್ತು ಬೆರಳೂ ಇಟ್ಟಾಯ್ತು, ಹತ್ತು ಸಲವೂ ಕೆಂಪು ಲೈಟು. ಅಣ್ಣ ಹಠ ಮಾಡದೆ ಮೊಬೈಲ್ ತೆಗೆದು ಮುಖ ತೋರಿಸೋ ಆಪ್ ಹಾಕಿದ್ರು, ಮಾವನ್ನ ಬಾಗಿಲ ಬೆಳಕಿಗೆ ಕೂರ್ಸಿ ಹಿಂದೆ ಗೋಡೆಗೆ ಬಿಳಿ ಟವಲ್ ನೇತಾಕಿದ್ರು. ಆಪ್ ಕಣ್ಣು ಮಿಟುಕ್ಸಿ ಅನ್ನುತ್ತೆ, ಮಾವ ಕ್ಯಾಮೆರಾ ನೋಡಿದ್ದೇ ಅಟೆನ್ಶನ್‌ಗೆ ಬಂದುಬಿಟ್ರು, ಗಲ್ಲ ಮೇಲೆ, ಕಣ್ಣು ನೆಟ್ಟಗೆ, ರೆಪ್ಪೆ ಅಲ್ಲಾಡ್ತಿಲ್ಲ. "ಸರ್ ಬ್ಲಿಂಕ್ ಮಾಡಿ ಸರ್." ಇಲ್ಲ. ಮೂರನೇ ಸಲಕ್ಕೆ ಅಣ್ಣ ಗಟ್ಟಿಯಾಗಿ "ವಿಶ್ರಾಮ್!" ಅಂದ್ರು ನೋಡಿ, ಮಾವನ ಭುಜ ಇಳೀತು, ಕಣ್ಣು ಮಿಟುಕಿತು, ಹಸಿರು ಟಿಕ್ ಬಂತು. 50 ರೂಪಾಯಿ ತಗೊಂಡ್ರು.

ಅಂಗಡಿ ಗೋಡೆ ಮೇಲಿನ ಸಾಫ್ಟ್ ಬೋರ್ಡ್ ಬಗ್ಗೆ ಹೇಳದೆ ಇದ್ರೆ ಈ ರಿವ್ಯೂ ಅರ್ಧ ಆಗುತ್ತೆ. ಅಲ್ಲಿ ಪ್ರಿಂಟ್ ಚುಚ್ಚಿರೋದು ಆರ್ಡರ್ ಮಾತ್ರ. ಒನ್ ರ್‍ಯಾಂಕ್ ಒನ್ ಪೆನ್ಶನ್ (ಒಂದೇ ಹುದ್ದೆ, ಒಂದೇ ಸರ್ವೀಸ್‌ಗೆ ಒಂದೇ ಪೆನ್ಶನ್) ಟೇಬಲ್, 2014ರ ಜುಲೈ 1ರಿಂದ ಶುರುವಾಗಿದ್ದು, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ, 2019ದು ಹಳದಿಯಾಗಿದೆ, 2024ದು ಮೇಲೆ. ಡಿಎ 2025 ಜುಲೈನಿಂದ 58 ಪರ್ಸೆಂಟ್ ಅನ್ನೋ ಆರ್ಡರ್. ಎಂಟನೇ ವೇತನ ಆಯೋಗದ ಜಾಗದಲ್ಲಿ ಖಾಲಿ ಹಾಳೆ, ಅದರ ಮೇಲೆ ಪೆನ್ನಲ್ಲಿ "ವರದಿ ಬಂದಿಲ್ಲ, ಫ್ಯಾಕ್ಟರ್ ಕೇಳಬೇಡಿ" ಅಂತ ಬರ್ದಿದ್ದಾರೆ. ಹಳೇ ಬೇಸಿಕ್ ಗುಣಿಸೋ ಫ್ಯಾಕ್ಟರ್ ಏಳನೇದ್ರಲ್ಲಿ 2.57 ಇತ್ತು, ಈ ಸಲ ಎಷ್ಟು ಅಂತ ವಾಟ್ಸಾಪ್‌ನಲ್ಲಿ ದಿನಕ್ಕೊಂದು ನಂಬರ್ ಬರ್ತಿದೆ ಅಲ್ವಾ, ಅದಕ್ಕೆ.

ಜನವರಿ 26, ಆಗಸ್ಟ್ 15ರ ಹೊತ್ತಿಗೆ ಆ ಬೋರ್ಡ್ ಮುಂದೆ ಜಾತ್ರೆ. ಪದಕದ ಪಟ್ಟಿ, ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ಆದ ಜೆಸಿಓಗಳ ಪಟ್ಟಿ, ಅದರಲ್ಲಿ ನಮ್ಮ ಕಡೆ ಮನೆಹೆಸರು ಕಂಡ್ರೆ ಅಣ್ಣ ಕೆಂಪು ಪೆನ್ನಲ್ಲಿ ಗೆರೆ ಎಳೀತಾರೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ, ಯಾರ ಮಗ ಬ್ರಿಗೇಡಿಯರ್ ಆದ ಅನ್ನೋದು ಇಲ್ಲಿ ಕಾಫಿ ರೇಟಿನಷ್ಟೇ ದೊಡ್ಡ ಸುದ್ದಿ. ನನ್ನ ತಮ್ಮ ಮೇಜರ್, ನಮ್ಮ ದೊಡ್ಡಮ್ಮ ಅವನು ಇನ್ನೂ ಕರ್ನಲ್ ಆಗ್ಲಿಲ್ವಾ ಅಂತ ಪ್ರತಿ ಮದುವೆಲೂ ಕೇಳ್ತಾರೆ. ದೊಡ್ಡಮ್ಮನ್ನೇ ಒಂದಿನ ಅಂಗಡಿಗೆ ಕರ್ಕೊಂಡು ಹೋಗಿದ್ದೆ. ಅಣ್ಣ ಜೆರಾಕ್ಸ್ ಹಾಳೆ ಹಿಂದೆ ಮೆಟ್ಟಿಲು ಬರ್ದು ತೋರ್ಸಿದ್ರು: ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್, ಇಲ್ಲಿವರೆಗೆ ಪರೀಕ್ಷೆ ಪಾಸಾಗಿ ರಿಪೋರ್ಟ್ ಸರಿ ಇದ್ರೆ ಟೈಮ್‌ಗೆ ಬರುತ್ತೆ, ಅದರ ಮೇಲೆ ಸೆಲೆಕ್ಷನ್ ಬೋರ್ಡು, ಕರ್ನಲ್‌ಗೆ ನಂಬರ್ 3 ಬೋರ್ಡು, ಬ್ರಿಗೇಡಿಯರ್‌ಗೆ ನಂಬರ್ 2, ಮೇಜರ್ ಜನರಲ್‌ಗೆ ನಂಬರ್ 1, ಮೇಲೆ ಹೋದಷ್ಟು ಸೀಟು ಕಮ್ಮಿ. ಈ ಹದಿಮೂರು ವರ್ಷದ ಲೆಕ್ಕ 2004ರ ಡಿಸೆಂಬರ್ ಆದ್ಮೇಲೆ ಬಂದಿದ್ದು, ಕರ್ನಲ್ ಸಾಹೇಬರ ಕಾಲದಲ್ಲಿ ಅದಕ್ಕೇ ಒದ್ದಾಡ್ಬೇಕಿತ್ತು ಅಂತ ಮಾವನ ಕಡೆ ನೋಡಿದ್ರು. ಮಾವ ಮಫ್ಲರ್ ಸರಿ ಮಾಡ್ಕೊಂಡ್ರು. ದೊಡ್ಡಮ್ಮ ಆ ಹಾಳೆ ಮಡಿಚಿ ಪರ್ಸ್‌ಗೆ ಹಾಕ್ಕೊಂಡ್ರು, ಈಗ ಮದುವೆಗಳಲ್ಲಿ ಬೇರೆಯವರ ಮಕ್ಕಳ ಬಗ್ಗೆ ಅದನ್ನೇ ತೆಗೆದು ವಾದ ಮಾಡ್ತಾರೆ.

ಈಗ ಬೈಯೋದು. ಮೆಟ್ಟಿಲು ಎತ್ತರ, ಮಂಡಿನೋವಿನವರೇ ಬರೋ ಅಂಗಡಿಗೆ ಹಿಡ್ಕೊಳ್ಳೋಕೆ ಒಂದು ಕಂಬಿ ಇಲ್ಲ, ಇದನ್ನ ನಾಲ್ಕು ಸಲ ಹೇಳಿದ್ದೀನಿ. ಫೋನ್ ಎತ್ತಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಇನ್ವರ್ಟರ್ ಪ್ರಿಂಟರ್‌ಗೆ ಸಾಲಲ್ಲ, ಜುಲೈಲಿ ಹೋದ್ರೆ ಮಳೆ ನೋಡ್ಕೊಂಡು ವಾಪಸ್ ಬರ್ಬೇಕು. ಕೈಲ್‌ಪೊಳ್ದ್‌ಗೆ, ಹುತ್ತರಿಗೆ ಹಬ್ಬ ಅಂತ ಬಾಗಿಲು ಹಾಕಿರ್ತಾರೆ, ಅದು ಬಿಡಿ ನಾವೂ ಮನೇಲೇ ಇರ್ತೀವಿ, ಆದ್ರೆ ಮಧ್ಯಾಹ್ನ ಒಂದರಿಂದ ಮೂರು ಊಟ ನಿದ್ದೆ ಅಂತ ಶಟರ್ ಎಳೆಯೋದು ದೂರದಿಂದ ಬಸ್ಸಲ್ಲಿ ಬಂದವರಿಗೆ ಕಷ್ಟ. ಮೊಬೈಲ್‌ಗೆ ಬಂದ ಓಟಿಪಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸ್ತಾರೆ, ಇದು ನನಗೆ ಸುತರಾಂ ಇಷ್ಟ ಆಗಲ್ಲ, ನಾನೇ ಟೈಪ್ ಮಾಡ್ತೀನಿ ಅಂತ ಕೀಬೋರ್ಡ್ ಕಿತ್ಕೊಂಡೆ, ನೀವೂ ಹಾಗೇ ಮಾಡಿ. ಪಾಸ್‌ವರ್ಡ್ ಕೂಡ ಅವರ ನೋಟ್‌ಬುಕ್‌ನಲ್ಲಿ ಬರೆಯೋಕೆ ಬಿಡ್ಬೇಡಿ, ಮನುಷ್ಯ ಪ್ರಾಮಾಣಿಕ, ಆದ್ರೆ ಆ ಬುಕ್ಕು ದಿನವಿಡೀ ಟೇಬಲ್ ಮೇಲೇ ಬಿದ್ದಿರುತ್ತೆ. ಐದನೇ ಸ್ಟಾರ್ ಹೋಗಿದ್ದು ಇದಕ್ಕೇ.

ಹೋಗೋರು ಪಿಪಿಓ ಒರಿಜಿನಲ್, ಆಧಾರ್, ಆಧಾರ್‌ಗೆ ಲಿಂಕ್ ಆದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋಗಿ, ಮೊಬೈಲ್ ಚಾರ್ಜ್ ಮಾಡ್ಕೊಂಡು ಹೋಗಿ. ಬೆಳಿಗ್ಗೆ ಹತ್ತಕ್ಕೆ ಮೊದಲೇ ಹೋದ್ರೆ ಕುರ್ಚಿ ಸಿಗುತ್ತೆ, ಆಮೇಲೆ ಹೋದ್ರೆ ಸೀನಿಯಾರಿಟಿ ಪ್ರಕಾರ. ತಮಾಷೆ ಅಲ್ಲ, ನಿಜವಾಗ್ಲೂ. ಹೋದ ವಾರ ನಮ್ಮ ಮಾವ ಕೂತಿದ್ದಾಗ ಒಬ್ರು 92 ವರ್ಷದ ಸುಬೇದಾರ್ ತಾತ ಕೋಲೂರ್ಕೊಂಡು ಬಂದ್ರು, ಮಾವ ತಕ್ಷಣ ಎದ್ದು ಕುರ್ಚಿ ಕೊಟ್ರು, ತಾತ ಕರ್ನಲ್ ಸಾಹೇಬರ ಮುಂದೆ ಕೂರಲ್ಲ ಅಂತ ನಿಂತ್ರು, ಇಬ್ರೂ ನಿಂತೇ ಇದ್ರು, ಕೊನೆಗೆ ಆ ಕುರ್ಚಿಲಿ ಕೂತಿದ್ದು ನಾನು.